ಅಂಚೆಯಲ್ಲಿ ಕರೆದರೆ ಬಾರದ ಮಾವ

ನನ್ನ ಸೋದರಮಾವನಿಗೆ ಮದುವೆಯ ಊಟ ಬೇಕಿರಲಿಲ್ಲ, ಮದುವೆಯ ಕರೆ ಬೇಕಿತ್ತು! ಮುತ್ತೈದೆಯೊಬ್ಬಳು ಕುಂಕುಮದ ಬಟ್ಟಲು ಹಿಡಿದು, ಮಧುಗಿರಿಯ ಅವನ ಮನೆಯ ಹೊಸಿಲು ದಾಟಿ ಬಂದು ಕರೆಯಬೇಕು. ಇಲ್ಲದಿದ್ದರೆ ಈ ಮಹಾರಾಯ ಜಗಲಿ ಬಿಟ್ಟು ಏಳುತ್ತಿರಲಿಲ್ಲ.

ಒಮ್ಮೆ ಪುರವರದ ನೆಂಟರು ಸಂತೆಯಲ್ಲಿ ಸಿಕ್ಕಿ, "ನಾಡಿದ್ದು ಮದ್ವೆ, ಬಂದ್ಬುಡಿ ಯಜಮಾನ್ರೇ" ಅಂದರು. "ಸಂತೇಲಿ ಕರೆದ್ರೆ ಸಂತೇಲೇ ಉಣ್ಬೇಕು" ಎಂದು ಮಾವ ಕಡ್ಲೆಪುರಿ ಕಟ್ಟಿಸಿಕೊಂಡು ಮನೆಗೆ ಬಂದ!

ಸಿರಾದ ಜವಳಿ ಸಾಹೇಬರು ಮನೆಗೇ ಬಂದು, ಕುಂಕುಮದ ಬದಲು ತಮ್ಮ ರೀತಿಯಂತೆ ಕಲ್ಲುಸಕ್ಕರೆ ಕೊಟ್ಟು ಕರೆದಾಗ ಮಾತ್ರ, ಸುಡುಬಿಸಿಲಲ್ಲಿ ಗಾಡಿ ಕಟ್ಟಿಸಿಕೊಂಡು ನಿಖಾಕ್ಕೆ ಹೋದ. ಅಲ್ಲಿ ಬಾಳೆಹಣ್ಣು ಬಿಟ್ಟು ಬೇರೇನೂ ಮುಟ್ಟಲಿಲ್ಲ. "ಉಣ್ಣಕ್ಕೆ ಹೋಗಿದ್ನಾ? ಕರೆದಿದ್ರು, ಹೋಗಿದ್ದೆ!"

ಅಂಚೆಯಲ್ಲಿ ಲಗ್ನಪತ್ರಿಕೆ ಬಂದರಂತೂ ಮುಗಿಯಿತು. "ಕರೆದೋನು ಅಂಚೆಯೋನು. ಅವನ ಮನೇಲಿ ಮದ್ವೆ ಆದಾಗ ಹೋಗ್ತೀನಿ ಬುಡು."

ನಗು ಬಂತೇ? ನಾನೂ ನಗುತ್ತಿದ್ದೆ, ನನ್ನ ಮದುವೆ ಗೊತ್ತಾಗುವ ತನಕ.

ನಾವಿದ್ದದ್ದು ಪಾವಗಡದಲ್ಲಿ. ಅಪ್ಪ ತೀರಿಕೊಂಡಿದ್ದ. ಗಂಡ ಸತ್ತ ಅವ್ವ ಕುಂಕುಮ ಹಿಡಿದು ಯಾರ ಹೊಸಿಲು ತುಳಿಯಬೇಕು? ಮದುವಣಗಿತ್ತಿ ನಾನು ಊರು ದಾಟುವಂತಿಲ್ಲ. ನಮಗಾಗಿ ಅಷ್ಟು ದೂರ ಹೋಗುವ ಮುತ್ತೈದೆ ಯಾರಿದ್ದರು? ಅವ್ವ ನನ್ನ ಕೈಯಲ್ಲೇ ಪತ್ರಿಕೆಯ ಮೂಲೆಗಳಿಗೆ ಅರಿಶಿನ ಹಚ್ಚಿಸಿ, ಒಡಹುಟ್ಟಿದ ಅಣ್ಣನಿಗೆ ಅಂಚೆಯಲ್ಲಿ ಕಳಿಸಿದಳು.

ಬರಲಿಲ್ಲ! ಸೋದರಮಾವ ಕೈಹಿಡಿದು ಹಸೆಗೆ ಕರೆತರಬೇಕಾದವಳನ್ನು ಪಕ್ಕದ ಮನೆಯ ತಾತ ಕರೆತಂದರು. "ಮೇನಮಾಮ ರಾಲೇದಾ?" ಸೋದರಮಾವ ಬರಲಿಲ್ಲವಾ ಎಂದು ತೆಲುಗು ಹೆಂಗಸರು ಒಬ್ಬರನ್ನೊಬ್ಬರು ಕೇಳಿಕೊಂಡರು. ಅವ್ವ ಬಾಗಿಲ ಹಿಂದೆ ಸೆರಗನ್ನು ಬಾಯಿಗೊತ್ತಿಕೊಂಡು ನಿಂತಿದ್ದಳು. ಇವನ ರೀತಿ ರಿವಾಜಿಗೆ ಬೆಂಕಿ ಬೀಳ ಎಂದು ಹಸೆಯ ಮೇಲೆ ಕೂತೇ ಶಪಿಸಿದೆ.

ತೋವಿನಕೆರೆಗೆ, ಗಂಡನ ಮನೆಗೆ ಹೋಗುವಾಗ ಮಧುಗಿರಿಯಲ್ಲಿ ಗಾಡಿ ನಿಲ್ಲಿಸಿ, ಜಗಳವಾಡಲೆಂದೇ ಇಳಿದೆ. ಮಾವ ಜರಿಪೇಟ ಸುತ್ತಿಕೊಂಡು ಜಗಲಿಯ ಮೇಲೆ ಕೂತಿದ್ದ. ತೊಡೆಯ ಮೇಲೆ ನನಗೆಂದು ತಂದ ಸೀರೆ.

"ಪತ್ರಿಕೆ ಬಂದಾಗಿಂದ ಇಂಗೇ ಕುಂತವ್ರೆ ಕಣಮ್ಮ," ಅಂದಳು ಅತ್ತೆ. "ಯಾರಾದ್ರೂ ಕರೆಯಕ್ಕೆ ಬಂದೇ ಬತ್ತಾರೆ ಅಂತ."

"ಯಾರು ಮಾವ ಬರೋರು? ನಿನ್ನ ತಂಗಿ ಬರೀ ಹಣೇಲಿ ಕುಂಕುಮ ಹಿಡ್ಕಂಡು ಬಂದಿದ್ರೆ ಒಳಕ್ಕೆ ಬುಡ್ತಿದ್ಯಾ?"

ಶಾಸ್ತ್ರವೆಲ್ಲ ಬಾಯಿಪಾಠವಿದ್ದವನಿಗೆ ಇದೊಂದು ಹೊಳೆದೇ ಇರಲಿಲ್ಲ! ಮಾವ ಸೀರೆಯನ್ನು ನನ್ನ ಕೈಗಿಟ್ಟು, ಪೇಟ ಕಿತ್ತಿಟ್ಟು, ಬರಿತಲೆಯಲ್ಲೇ ಪಾವಗಡದ ದಾರಿ ಹಿಡಿದ.

"ಈಗ್ಯಾರು ಕರೆದ್ರು?" ಎಂದು ಬೇಕೆಂದೇ ಚುಚ್ಚಿದೆ.

"ನನ್ ತಂಗಿ ಮನೆಗೆ ನನ್ನ ಯಾರವ್ವಾ ಕರೀಬೇಕು?" ಎಂದವನ ದನಿ ಒಡೆದಿತ್ತು. ಹಾಳು ಮಾವ! ಓಡಿಹೋಗಿ ತಬ್ಬಿಕೊಂಡು ಅತ್ತುಬಿಟ್ಟೆ.