ಹದಿನೇಳನೆಯ ಮನುಷ್ಯನ ಕಾರಣಗಳು

ನಮ್ಮ ಮಂಡ್ಯದ ಕಡೆ ಯಾವುದಕ್ಕೆ ಅಭಾವ ಬಂದರೂ ಕಾರಣಕ್ಕೆ ಮಾತ್ರ ಬಂದದ್ದನ್ನು ನಾನು ಕಂಡಿಲ್ಲ. ಬಸ್ಸು ತಪ್ಪಿದರೆ ಅದಕ್ಕೊಂದು ಕಾರಣ, ಸಿಕ್ಕಿದರೆ ಅದಕ್ಕೂ ಒಂದು ಕಾರಣ. ಮುದ್ದೆ ಗಂಟಾದರೆ ಹಿಟ್ಟಿನ ತಪ್ಪು, ಹಿಟ್ಟು ಚೆನ್ನಾಗಿದ್ದರೆ ಒಲೆಯ ತಪ್ಪು, ಒಲೆಯೂ ಚೆನ್ನಾಗಿದ್ದರೆ ಆ ಹೊತ್ತಿಗೆ ಬಾಗಿಲಲ್ಲಿ ಬಂದು ನಿಂತು ಮಾತಾಡಿಸಿದವರ ತಪ್ಪು. ಮುದ್ದೆ ತಿರುವಿದವರ ತಪ್ಪೆಂದು ಹೇಳಿದವರನ್ನು ನಾನು ನೋಡಿಲ್ಲ. ಹೇಳಿದವರು ಯಾರಾದರೂ ಇದ್ದರೆ ಅವರಿಗೆ ಮಾರನೆಯ ದಿನ ಊಟ ಸಿಕ್ಕಿರಲಾರದು. ಇಂಥ ಸೀಮೆಯಲ್ಲಿ ಹುಟ್ಟಿ ಬೆಳೆದ ನಾನು ಕಾರಣಗಳ ಮೇಲೆಯೇ ಪಿಎಚ್.ಡಿ. ಮಾಡುತ್ತೇನೆಂದು ಹೊರಟದ್ದು ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗಾಯಿತು.

ನಾನು ಭಾರತೀನಗರದ ಒಂದು ಕಾಲೇಜಿನಲ್ಲಿ ಮನಶ್ಶಾಸ್ತ್ರದ ಮೇಷ್ಟ್ರು. ಮನೆ ಮದ್ದೂರಿನಲ್ಲಿ. ನನ್ನ ಓರಗೆಯವರು ಮಕ್ಕಳಿಗೆ ಗಂಡು ಹುಡುಕುವ ವಯಸ್ಸಿನಲ್ಲಿ ನಾನು ಗೈಡ್ ಹುಡುಕಿಕೊಂಡು ಮೈಸೂರಿಗೆ ಹೋದವನು. ವಿಷಯ ಬಹಳ ಸರಳವಾಗಿತ್ತು: ಸಕ್ಕರೆ ಕಾಯಿಲೆ ಇರುವವರು ಅದು ತಮಗೆ ಯಾಕೆ ಬಂತೆಂದು ನಂಬಿದ್ದಾರೆ? ಡಾಕ್ಟರು ಹೇಳುವ ಕಾರಣವಲ್ಲ, ಅವರವರ ಮನಸ್ಸಿನಲ್ಲಿರುವ ಕಾರಣ. ಹಣೆಬರಹ ಎಂದು ನಂಬಿದವರು ಮಾತ್ರೆಯನ್ನು ಮರೆಯುತ್ತಾರೆ, ನಾಲಗೆ ಚಪಲ ಎಂದು ನಂಬಿದವರು ನಾಲಗೆಯನ್ನು ಕಟ್ಟುತ್ತಾರೆ. ಆದ್ದರಿಂದ ನಂಬಿಕೆ ತಿಳಿದರೆ ಮನುಷ್ಯ ತಿಳಿದ ಹಾಗೆ. ಇದು ನನ್ನ ಸಿದ್ಧಾಂತ. ಕಾಲೇಜಿನ ಮುಂದಿನ ಟೀ ಅಂಗಡಿಯವನಿಗೆ ಇದನ್ನು ವಿವರಿಸಿದಾಗ ಅವನು, "ಕಬ್ಬು ಅರಿಯೋ ಊರಲ್ಲಿ ಕುಂತು ಸುಗರು ಓದದು ಸರಿಯಾಗದೆ ಬುಡಿ ಸಾ" ಎಂದು ನನ್ನ ಟೀಗೆ ಇನ್ನೊಂದು ಚಮಚ ಸಕ್ಕರೆ ಹಾಕಿದ.

ಆತಗೂರಿನಿಂದ ಹಿಡಿದು ಶಿವನಸಮುದ್ರದವರೆಗೆ ಹದಿನಾರು ಜನರನ್ನು ಮಾತಾಡಿಸಿದೆ. ಕಾಲೇಜಿನ ಒಂದು ಪುಟ್ಟ ರೆಕಾರ್ಡರು ನನ್ನ ಜೇಬಿನಲ್ಲಿ. ಈ ಕೆಲಸದ ಕಷ್ಟ ಪುಸ್ತಕದಲ್ಲಿ ಬರೆದಿರುವುದಿಲ್ಲ. ಸಕ್ಕರೆ ಕಾಯಿಲೆಯ ಬಗ್ಗೆ ಕೇಳಲು ಹೋದವನಿಗೆ ಪ್ರತಿ ಮನೆಯಲ್ಲೂ ಮೊದಲು ಬರುವುದು ಬೆಲ್ಲದ ಕಾಫಿ. ಒಂದು ಆಲೆಮನೆಯಲ್ಲಿ, ಆಗಷ್ಟೇ ಕೊಪ್ಪರಿಗೆಯಿಂದ ಇಳಿಸಿದ ಬಿಸಿ ಬೆಲ್ಲವನ್ನು ಬಾಳೆಲೆಯ ಮೇಲಿಟ್ಟು, "ಬೆಲ್ಲ ತಿಂದ್ರೆ ಸುಗರ್ ಬರಾಕಿಲ್ಲ ಕಣ್ ಮೇಷ್ಟ್ರೇ, ಅದು ಬರದು ಸಕ್ಕರೆ ತಿಂದೋರ್ಗೆ" ಎಂದು ಅಭಯ ಕೊಟ್ಟರು. ಕೊಟ್ಟವರಿಗೆ ಎಂಟು ವರ್ಷದಿಂದ ಕಾಯಿಲೆ. ತಿಂದ ನನಗೆ ಎರಡು ವರ್ಷದಿಂದ. ನನಗೂ ಕಾಯಿಲೆ ಇದೆಯೆಂದು ಬಾಯಿಬಿಟ್ಟರೆ ಅವರ ಉತ್ತರ ಬದಲಾಗಿಬಿಡಬಹುದು, ಸಂಶೋಧನೆಯ ಶಿಸ್ತು ಕೆಡಬಹುದು ಎಂದು ನಾನು ಸುಮ್ಮನೆ ತಿಂದೆ. ಶಿಸ್ತಿಗಾಗಿ ಎರಡನೆಯ ಉಂಡೆಯನ್ನೂ ತಿಂದೆ.

ಅಲ್ಲೇ ಹತ್ತಿರದ ಚಿಕ್ಕತಾಯಮ್ಮ ಎಂಬ ಮುದುಕಿಯನ್ನು ನಾನು ಮರೆಯಲಾರೆ. ಶುಗರ್ ಯಾವಾಗ ಬಂತಮ್ಮ ಎಂದು ಕೇಳಿದೆ.

"ಸೊಸೆ ಬಂದ್ಲಲ್ಲ, ಆ ವರ್ಸ ಬಂತು ಕಣಪ್ಪ."

ನನಗೆ ಖುಷಿಯಾಯಿತು. ಕಾರಣ ಸಿಕ್ಕಿತಲ್ಲ! "ಸೊಸೆ ಕಾಟ ಕೊಡ್ತಾರಾ?" ಎಂದೆ.

"ಬುಡ್ತು ಅನ್ನು! ಚಿನ್ನದಂತ ಉಡ್ಗಿ. ಒಂದ್ ಕಡ್ಡಿ ಎತ್ತಿಡಾಕೆ ಬುಡಾಕಿಲ್ಲ ನನ್ನ. ಕುಂತೇ ಉಂಡೆ, ಕುಂತೇ ಉಂಡೆ, ಬಂತು. ಉಂಡೋಳು ನಾನೇ ಅಲ್ವಾ? ಇನ್ಯಾರ್ ಬಂದು ನನ್ ಬಾಯ್ಗೆ ಹಾಕ್ದೋರು?"

ಶಿವನಸಮುದ್ರದಲ್ಲಿ ಕರೆಂಟಿನ ಕೆಲಸದಿಂದ ನಿವೃತ್ತರಾದ ಒಬ್ಬರು ಇನ್ನೂ ಚುಟುಕಾಗಿ ಮುಗಿಸಿದರು: "ದೀಪ ಉರ್ಸಿದ್ರೆ ಮೀಟ್ರು ಓಡ್ತದೆ ಸಾ. ಮೀಟ್ರು ಮೇಲೆ ಕ್ವಾಪ ಮಾಡ್ಕಂಡ್ರೆ ಆದದಾ?" ಅವರೇ ಹದಿನಾರನೆಯವರು. ಮುಗಿಸಿಕೊಂಡು ಮಳವಳ್ಳಿ ಬಸ್ಸಿಗೆ ಕಾಯುತ್ತ ನಿಂತಾಗ ನನಗೆ ಯುದ್ಧ ಗೆದ್ದಷ್ಟು ಸಂತೋಷವಾಗಿತ್ತು. ಯುದ್ಧ ಆಗ ಶುರುವಾಗಿತ್ತಷ್ಟೆ.

ರೆಕಾರ್ಡಾದದ್ದನ್ನೆಲ್ಲ ಮದ್ದೂರು ಬಸ್ ಸ್ಟ್ಯಾಂಡಿನ ಹತ್ತಿರ ಟೈಪಿಂಗ್ ಅಂಗಡಿ ಇಟ್ಟಿರುವ ಸುಮತಿಗೆ ಕೊಟ್ಟೆ. "ಒಂದು ಪದ ಬಿಡಬೇಡಮ್ಮ. ಹೆಸರು ಬೇಡ, ನಂಬರು ಸಾಕು. ಯಾರು ಯಾವ ಕಾರಣ ಹೇಳಿದರೂ ಅದನ್ನು ಬೇರೆ ಬೇರೆ ಚೀಟಿಯಲ್ಲಿ ಹಾಕಿಕೊಡು" ಎಂದು ಮೂರು ಸಲ ಹೇಳಿದೆ. ಅವಳು ಮದುವೆ ಕಾಗದಗಳ ನಡುವೆ ಬಿಡುವು ಮಾಡಿಕೊಂಡು ಐದು ತಿಂಗಳಲ್ಲಿ ಮುಗಿಸಿದಳು. ಚೀಟಿಗಳು ಬಂದಾಗ ಹದಿನೇಳು ನಂಬರಿತ್ತು. ಒಂದು ಮನೆಯಲ್ಲಿ ಗಂಡನನ್ನು ಕೇಳಿದ್ದಕ್ಕೆಲ್ಲ ಹೆಂಡತಿಯೇ ಉತ್ತರ ಹೇಳಿದ್ದರಿಂದ ಅವರನ್ನು ಇಬ್ಬರೆಂದು ಹಿಡಿದಿರಬೇಕೆಂದು ನಾನು ಸುಮ್ಮನಾದೆ.

ಮುಂದಿನ ಕೆಲಸ ಹೀಗೆ. ಒಂದೊಂದು ಚೀಟಿ ಓದಿ ಮೂರು ಗುರುತು ಹಾಕಬೇಕು: ಕಾರಣ ಮನುಷ್ಯನ ಒಳಗಿನದೋ ಹೊರಗಿನದೋ, ಬಂದು ಹೋಗುವಂಥದೋ ಕಾಯಮ್ಮಾದದ್ದೋ, ಅವನ ಕೈಯಲ್ಲಿತ್ತೋ ಇರಲಿಲ್ಲವೋ. ಇಬ್ಬರು ಒಬ್ಬರಿಗೊಬ್ಬರು ತೋರಿಸದೆ ಗುರುತು ಹಾಕಬೇಕು, ಆಮೇಲೆ ಹೋಲಿಸಬೇಕು. ಮುಕ್ಕಾಲು ಪಾಲಾದರೂ ಹೊಂದದಿದ್ದರೆ ಕೆಲಸವೆಲ್ಲ ನೀರಿನಲ್ಲಿ ಹೋಮ. ಎಲ್ಲಕ್ಕಿಂತ ದೊಡ್ಡ ನಿಯಮವೊಂದಿದೆ: ನಿನಗೇನನ್ನಿಸುತ್ತದೆ ಎಂದು ಬರೆಯಬಾರದು, ಹೇಳಿದವರಿಗೆ ಏನನ್ನಿಸಿದೆಯೋ ಅದನ್ನು ಬರೆಯಬೇಕು. ಈ ನಿಯಮವನ್ನು ನಾನು ವರ್ಷಾವರ್ಷ ಪಾಠ ಮಾಡುತ್ತೇನೆ.

ನನ್ನ ಜೊತೆಗೆ ಗುರುತು ಹಾಕಲು ಒಪ್ಪಿದವರು ಸಮಾಜಶಾಸ್ತ್ರದ ನಾಗರತ್ನ ಮೇಡಂ. ಅವರು ಪರೀಕ್ಷೆಯ ಕೊಠಡಿಗೆ ಬಂದರೆ ಫ್ಯಾನು ಕೂಡ ಸದ್ದು ಮಾಡುವುದಿಲ್ಲ. ಹದಿನಾರು ಜನರವರೆಗೆ ನಮ್ಮ ಗುರುತುಗಳು ಅಣ್ಣತಮ್ಮಂದಿರ ಹಾಗೆ ಹೊಂದಿಕೊಂಡು ಹೋದವು. (ಅಣ್ಣತಮ್ಮಂದಿರು ಹೊಂದಿಕೊಂಡು ಹೋಗುವುದು ಹೊಲ ಹಂಚುವ ತನಕ ಎಂಬುದು ಆಮೇಲೆ ನೆನಪಾಯಿತು.) ಹದಿನೇಳನೆಯವನ ಹತ್ತಿರ ಎಲ್ಲ ಕೆಟ್ಟಿತು. ಆ ಮಹಾನುಭಾವ ಒಬ್ಬನೇ ಹತ್ತು ಜನರಿಗಾಗುವಷ್ಟು ಕಾರಣ ಕೊಟ್ಟಿದ್ದ. "ಹೋದ ಕಡೆಯೆಲ್ಲ ಬಲವಂತ ಮಾಡಿ ಕೊಡ್ತಾರೆ, ಬೇಡ ಅಂದ್ರೆ ಬೇಜಾರು ಮಾಡ್ಕೋತಾರೆ." "ನಮ್ಮಪ್ಪಂಗೆ ಇತ್ತು, ನಂಗೆ ಬರದೆ ಇರುತ್ತಾ?" "ವಾಕಿಂಗ್ ಹೋಗೋಣ ಅಂದ್ರೆ ಬೀದೀಲಿ ನಾಯಿ ಕಾಟ." "ಆ ಲ್ಯಾಬಿನವನ ಮಿಷಿನ್ನೇ ಸರಿ ಇಲ್ಲ." ಕೊನೆಗೆ, "ಮನೇಲಿ ಮಾಡೋ ಅನ್ನಾನೂ ಜಾಸ್ತಿ ಆಯ್ತು."

ಓದುತ್ತ ಓದುತ್ತ ನನಗೆ ಮೈ ಉರಿಯಿತು. ಚಿಕ್ಕತಾಯಮ್ಮನಂಥವರು 'ಉಂಡೋಳು ನಾನೇ' ಎಂದು ಒಪ್ಪಿಕೊಳ್ಳುವಾಗ ಇವನೊಬ್ಬ ನಾಯಿಯನ್ನೂ ಬಿಟ್ಟಿಲ್ಲ! ನಿಯಮವೆಲ್ಲ ಮರೆತು ಅವನ ಪ್ರತಿ ಚೀಟಿಗೂ 'ಒಳಗಿನದು, ಅವನ ಕೈಯಲ್ಲೇ ಇತ್ತು' ಎಂದು ಗುರುತು ಹಾಕಿದೆ. ಸಾಲದೆಂದು ಕೆಂಪು ಪೆನ್ನಿನಲ್ಲಿ ಪಕ್ಕದಲ್ಲಿ ಷರಾ ಬರೆದೆ: 'ಶುದ್ಧ ಸೋಮಾರಿ.' 'ನೆಪ.' 'ಇದೂ ನೆಪ.' ಅನ್ನದ ಚೀಟಿಯ ಪಕ್ಕದಲ್ಲಿ, 'ಈತನ ಹೆಂಡತಿಯ ಬಗ್ಗೆ ಮರುಕವಾಗುತ್ತದೆ.'

ಮೇಡಂ ಅಷ್ಟಕ್ಕೂ 'ಹೊರಗಿನದು' ಎಂದು ಹಾಕಿದ್ದರು. ಹೋಲಿಸಿ ನೋಡಿದರೆ ಲೆಕ್ಕ ಮುಕ್ಕಾಲಿನ ಗೆರೆಯಿಂದ ಕೆಳಗೆ ಬಿತ್ತು. ಅದು ಶನಿವಾರ. ಸೋಮವಾರ ಗೈಡ್ ಮುಂದೆ ಇಡಬೇಕು. ಆಗಲೇ ಎರಡು ಸಲ ಗಡುವು ಮುಂದೂಡಿಸಿಕೊಂಡಿದ್ದೆ. ಮೂರನೆಯ ಸಲ ಕೇಳಿದರೆ ಹೆಸರನ್ನೇ ತೆಗೆದುಹಾಕುತ್ತೇನೆಂದು ಅವರು ಹೇಳಿದ್ದರು. ನಾಲ್ಕು ವರ್ಷದ ಓಡಾಟ ಒಬ್ಬ ಸೋಮಾರಿಯ ಕೈಯಲ್ಲಿ ಸಿಕ್ಕಿತ್ತು. "ನಿಮಗೆ ಇಂಥವರ ಮೇಲೆ ಕನಿಕರ ಜಾಸ್ತಿ ಮೇಡಂ" ಎಂದು ರೇಗಿದೆ.

"ಕನಿಕರ ಅಲ್ಲ ಸಾರ್, ನಿಯಮ. ಅವರು ನಾಯಿ ಅಂತ ಹೇಳಿದ್ದಾರೆ, ನಾನು ನಾಯಿ ಅಂತ ಬರ್ಕೊಂಡೆ. ನೀವು ನಾಯೀನ ಓಡಿಸಿ ಆ ಜಾಗದಲ್ಲಿ ಅವರನ್ನ ಕಟ್ಟಿಹಾಕಿದ್ದೀರಿ" ಎಂದು ಮೇಡಂ ಬ್ಯಾಗು ತೆಗೆದುಕೊಂಡು ಹೊರಟೇ ಹೋದರು.

ಮನೆಗೆ ಬಂದಾಗ ಹೆಂಡತಿ ಪ್ರೇಮ ಅವರೆಕಾಳು ಹಿತಕುತ್ತ ಕೂತಿದ್ದಳು. ಎದುರು ಕೂತು ಆ ಚೀಟಿಗಳನ್ನು ಒಂದೊಂದಾಗಿ ಓದಿ, "ನೋಡು, ಎಂಥೆಂಥ ಜನ ಇರ್ತಾರೆ" ಎಂದು ಗೋಳು ತೋಡಿಕೊಂಡೆ. ನಾಯಿಯ ಚೀಟಿಗೆ ಅವಳ ಕೈ ನಿಂತಿತು. ಲ್ಯಾಬಿನ ಚೀಟಿಗೆ ಮುಖ ಮೇಲೆತ್ತಿದಳು. ಅನ್ನದ ಚೀಟಿಗೆ ಕೈ ಒರೆಸಿಕೊಂಡು, ಚೀಟಿಯನ್ನು ಇಸಕೊಂಡು, ನನ್ನ ಕೆಂಪು ಷರಾವನ್ನೂ ಓದಿದಳು.

"ರೀ, ನಿಜವಾಗ್ಲೂ ಇದು ಯಾರು ಅಂತ ಗೊತ್ತಾಗ್ಲಿಲ್ವಾ?"

"ಯಾರೋ ಮಳವಳ್ಳಿ ಕಡೆಯೋನು."

"ಮಳವಳ್ಳಿ ಬಸ್ಸಿಗೆ ಕಾಯ್ತಾ ಇದ್ದೋನು. ಅವತ್ತು ಲ್ಯಾಬ್ ರಿಪೋರ್ಟ್ ಬಂದಿತ್ತು, ಯಾಕ್ರೀ ಇಷ್ಟು ಜಾಸ್ತಿ ಆಗಿದೆ ಅಂತ ನಾನೇ ಫೋನ್ ಮಾಡಿ ಕೇಳಿದ್ದೆ. ನೀವು ಹೇಳಿದ ಒಂದೊಂದು ಮಾತೂ ನಂಗೆ ಬಾಯಿಗೆ ಬರುತ್ತೆ. 'ಮನೇಲಿ ಮಾಡೋ ಅನ್ನ' ಅಂದಾಗ ನಾನು ಫೋನ್ ಇಟ್ಟೆ, ನೆನಪಿದ್ಯಾ?"

ನೆನಪಾಯಿತು. ಜೇಬಿನಲ್ಲಿ ರೆಕಾರ್ಡರಿತ್ತೆಂಬುದೂ ನೆನಪಾಯಿತು. ಆರಿಸಿದ್ದು ಮಾತ್ರ ನೆನಪಾಗಲಿಲ್ಲ. ಸುಮತಿಗೆ ಫೋನ್ ಮಾಡಿದೆ. "ಊಂ ಸಾ, ನಿಮ್ದೇ ದನಿ ಅದು. ಒಂದು ಪದ ಬುಡಬ್ಯಾಡ ಅಂದಿದ್ರಲ್ಲ. ನೀವೂ ಸುಗರ್ ಪೇಸೆಂಟು ಅಂತ ಗೊತ್ತಾಯ್ತು, ಅದ್ಕೇ ನಿಮ್ಗೂ ಒಂದು ನಂಬರ್ ಕೊಟ್ಟೆ" ಎಂದಳು.

ನಾಚಿಕೆಯಾಗಬೇಕಿತ್ತು. ಆದರೆ ನನಗಾದದ್ದು ಎದೆಯ ಮೇಲಿನ ಕಲ್ಲು ಇಳಿದ ಸಂತೋಷ. ಅದು ಸಂದರ್ಶನವೇ ಅಲ್ಲ! ಹದಿನೇಳನ್ನು ತೆಗೆದುಹಾಕಿ ಲೆಕ್ಕ ಮಾಡಿದರೆ ಗೆರೆಯನ್ನು ಆರಾಮಾಗಿ ದಾಟಿತು. ಮೇಡಂಗೆ ಫೋನಿನಲ್ಲಿ ಕ್ಷಮೆ ಕೇಳಿ, ಹೀಗಾಗಲು ಕಾರಣ ಆ ರೆಕಾರ್ಡರಿನ ಗುಂಡಿ ತೀರ ಚಿಕ್ಕದು, ಬಸ್ಸೂ ತಡವಾಗಿತ್ತು, ಸುಮತಿಯಾದರೂ ಒಂದು ಮಾತು ಕೇಳಬಹುದಿತ್ತು ಎಂದು ವಿವರಿಸಿದೆ. ಮೇಡಂ, "ಮೂರೂ ಹೊರಗಿನದು ಸಾರ್" ಎಂದರು. ಸೋಮವಾರ ಗೈಡ್ ಸಹಿ ಹಾಕಿದರು. ಆ ರಾತ್ರಿ ಎಷ್ಟೋ ತಿಂಗಳ ಮೇಲೆ ಕಣ್ತುಂಬ ನಿದ್ದೆ ಮಾಡಿದೆ. ಮತ್ತೊಮ್ಮೆ ಆ ಚೀಟಿಗಳನ್ನು ಓದಿದಾಗ ನನಗೂ ಮೇಡಂ ಹಾಕಿದ ಗುರುತೇ ಸರಿಯೆನಿಸಿತು. ನಮ್ಮ ಬೀದಿಯಲ್ಲಿ ನಾಯಿ ಇರುವುದು ಸುಳ್ಳೇನಲ್ಲ.

ಪ್ರೇಮ ಮಾತ್ರ ಆ ಚೀಟಿಗಳನ್ನು ಎಸೆಯಲು ಬಿಡಲಿಲ್ಲ. ಕೆಂಪು ಷರಾ ಸಮೇತ ಫ್ರಿಜ್ಜಿನ ಬಾಗಿಲಿಗೆ ಸಾಲಾಗಿ ಅಂಟಿಸಿದಳು. ಉಳಿದ ಒಬ್ಬಟ್ಟಿಗೆ ಕೈ ಹಾಕಲು ಹೋದರೆ ನನ್ನದೇ ಅಕ್ಷರದಲ್ಲಿ 'ನೆಪ', 'ಇದೂ ನೆಪ' ಎಂದು ಕಾಣುತ್ತಿತ್ತು. ಬೇರೆಯವರು ಬೈದಿದ್ದರೆ ವಾದ ಮಾಡಬಹುದಿತ್ತು. ವಿಧಿಯಿಲ್ಲದೆ ಬೆಳಿಗ್ಗೆ ನಡೆಯಲು ಹೊರಟೆ. ನಾಯಿ ಒಂದು ವಾರ ಬೊಗಳಿ, ಆಮೇಲೆ ಬೇಜಾರಾಗಿ ಜೊತೆಗೇ ಬರತೊಡಗಿತು.

ಮೂರು ತಿಂಗಳ ಮೇಲೆ ಅದೇ ಲ್ಯಾಬಿನಲ್ಲಿ, ಅದೇ ಮಿಷಿನ್ನಿನಲ್ಲಿ ಪರೀಕ್ಷೆ ಮಾಡಿಸಿದೆ. ಶುಗರ್ ಹತೋಟಿಗೆ ಬಂದಿತ್ತು. ರಿಪೋರ್ಟು ನೋಡಿ ಪ್ರೇಮಳಿಗೆ ಕಣ್ಣು ತುಂಬಿ ಬಂತು. "ಹೆಂಗ್ರೀ ಕಮ್ಮಿ ಆಯ್ತು?" ಎಂದು ಕೇಳಿದಳು.

"ಹೆಂಗೆ ಅಂದ್ರೆ? ಎಲ್ಲ ನನ್ನ ಮನೋಬಲ" ಎಂದೆ.

ಅವಳು ಕಣ್ಣೊರೆಸಿಕೊಂಡು, ನನ್ನ ಜೇಬಿನಿಂದ ಕೆಂಪು ಪೆನ್ನು ತೆಗೆದು, ಒಂದು ಚೀಟಿಯ ಮೇಲೆ 'ಮನೋಬಲ' ಎಂದು ಬರೆದಳು. ಅದರ ಪಕ್ಕದಲ್ಲಿ 'ಹೊರಗಿನದು' ಎಂದು ಗುರುತು ಹಾಕಿ ಫ್ರಿಜ್ಜಿಗೆ ಅಂಟಿಸಿದಳು.