ಪಾಸ್ಕ ಬಾರದ ವರ್ಷ

ನಗಬಾರದ ಜಾಗದಲ್ಲೇ ನಗು ಬರುವುದು ನಮ್ಮ ವಂಶಕ್ಕೆ ಅಂಟಿದ ರೋಗ. ಚಿಂತಾಮಣಿಯಲ್ಲಿ ನಮ್ಮ ಮನೆಯ ಸಾವಿಗೂ ಜನ ಕಥೆ ಕೇಳಲು ಬರುತ್ತಿದ್ದರು. ನಾನೂ ಸಾಮಾನ್ಯನಲ್ಲ. ಪಾಸ್ಕ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚೆ ಬರುವ ನಲವತ್ತು ದಿನದ ತಪಸ್ಸುಕಾಲದಲ್ಲಿ ಉಪವಾಸ ಮಾಡುವುದರಲ್ಲಿ ಇಡೀ ತಾಲ್ಲೂಕಿಗೇ ಮೊದಲಿಗ. ಎರಡು ಊಟದ ನಡುವೆ ಒಂದಗುಳೂ ಮುಟ್ಟುವವನಲ್ಲ.

ತಲೆಕೆಳಗಾದ ಹಬ್ಬ

ನಮ್ಮಣ್ಣ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ತೂಕ ಹಾಕುತ್ತಿದ್ದ. ಸಂಜೆ ಕುಡಿದು ಬಂದು ಅತ್ತಿಗೆಯನ್ನು ಹೊಡೆಯುತ್ತಿದ್ದ. ಆದರೆ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಹಣೆಗೆ ಬೂದಿ ಬಿತ್ತೋ, ಪಾಸ್ಕದವರೆಗೆ ಒಂದು ತೊಟ್ಟೂ ಇಲ್ಲ. ಊರಿನ ಕ್ರೈಸ್ತರೆಲ್ಲ ಮುಖ ಸಣ್ಣಗೆ ಮಾಡಿಕೊಂಡಿರುವಾಗ ಅತ್ತಿಗೆ ಹಾಡಿಕೊಂಡು ಮುದ್ದೆ ಕಟ್ಟುತ್ತಿದ್ದರು. ಪಾಸ್ಕದ ಬೆಳಿಗ್ಗೆ ಎಲ್ಲರೂ ಹೊಸ ಬಟ್ಟೆ ಹಾಕಿಕೊಂಡರೆ, ಅವರು ಗಾಜಿನ ಸಾಮಾನನ್ನೆಲ್ಲ ಅಟ್ಟಕ್ಕೇರಿಸುತ್ತಿದ್ದರು. ಏಸುಸ್ವಾಮಿ ಎದ್ದ ದಿನವೇ ನಮ್ಮಣ್ಣ ಬೀಳುತ್ತಿದ್ದ.

ಅತ್ತಿಗೆಯ ಅಹವಾಲು

ಒಂದು ವರ್ಷ ಅತ್ತಿಗೆ ನೇರ ಚರ್ಚಿನ ಗುರುಗಳ ಹತ್ತಿರ ಹೋದರು.

"ಸ್ವಾಮಿ, ಈ ಸಲ ಪಾಸ್ಕಾನ ಒಂದೆರಡು ತಿಂಗಳು ಮುಂದಕ್ಕೆ ಹಾಕಕ್ಕಾಗಲ್ವಾ?"

"ಅದು ನನ್ನ ಕೈಲಿಲ್ಲ ಕಣಮ್ಮ. ಎಲ್ಲಾ ರೋಮ್‌ನಲ್ಲೇ ತೀರ್ಮಾನ ಆಗೋದು."

"ಹಂಗಾದ್ರೆ ಅವರಿಗೇ ಒಂದು ಮಾತು ಹೇಳಿ. ನಮ್ಮನೆಯವರ ಕೈ ಅವರೇನು ನೋಡಿದಾರಾ?"

ಜೊತೆಗೆ ಹೋಗಿದ್ದ ನನಗೆ ನಗು ಬಂತು. ಗುರುಗಳು ನಗಲಿಲ್ಲ. ಅತ್ತಿಗೆಯ ತುಟಿಯ ಹಳೇ ಗಾಯವನ್ನೇ ನೋಡುತ್ತಿದ್ದರು.

ಡಾಕ್ಟರ ಶಭಾಷ್‌ಗಿರಿ

ಆ ವರ್ಷವೇ ಪಾಸ್ಕಕ್ಕೆ ವಾರವಿರುವಾಗ ಅಣ್ಣನ ಕಣ್ಣು ಹಳದಿಯಾಗಿ ಹೊಟ್ಟೆ ಊದಿತು. ಚಿಕ್ಕಬಳ್ಳಾಪುರದ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು: "ಇನ್ನು ಕುಡಿದ್ರೆ ವಾರ ಬದುಕಲ್ಲ."

"ಬಿಟ್ಟಿದೀನಿ ಸಾರ್."

"ಶಭಾಷ್! ಹಿಂಗೇ ಇರು."

"ಇರ್ತೀನಿ ಸಾರ್, ಬರೋ ಭಾನುವಾರದವರೆಗೆ."

ಮುಗಿಯದ ತಪಸ್ಸು

ಈಗ ನನ್ನ ಬುದ್ಧಿ ನೋಡಿ. ತಪಸ್ಸುಕಾಲದಲ್ಲಿ ಮನೆಯ ಶಿಲುಬೆಗೆ ನೇರಳೆ ಬಟ್ಟೆ ಮುಚ್ಚಿ ಪಾಸ್ಕದ ದಿನ ತೆಗೆಯುವುದು ನಮ್ಮ ಪದ್ಧತಿ. ಅಣ್ಣ ಹಾಸಿಗೆ ಹಿಡಿದಿದ್ದ, ಎದುರಿಗೇ ಶಿಲುಬೆ. "ಬಟ್ಟೆ ತೆಗೀಲೇಬೇಡಿ ಅತ್ತಿಗೆ, ತಪಸ್ಸುಕಾಲ ಮುಗಿದಿದ್ದೇ ಅವನಿಗೆ ಗೊತ್ತಾಗಬಾರದು," ಅಂದೆ.

ಪಾಸ್ಕದ ಬೆಳಿಗ್ಗೆ ಚರ್ಚಿನ ಗಂಟೆ ಮೊಳಗಿತು. "ಏನೋ ಅದು?" ಅಂದ ಅಣ್ಣ.

"ಯಾರೋ ತೀರ್ಕೊಂಡ್ರು ಅಂತ ಕಾಣ್ತದಣ್ಣ."

ಅವನು ಶಿಲುಬೆಯ ಕಡೆ ನೋಡಿ ಮಗ್ಗುಲಾದ. ಮಾವು ಬಂತು, ಹೋಯಿತು. ಮಳೆ ಹಿಡಿಯಿತು. ಬಟ್ಟೆ ಅಲ್ಲೇ ಇತ್ತು. ಒಂದು ದಿನ ಬೀದಿಯಲ್ಲಿ ತಮಟೆ, ಜೈಕಾರ. ಅಣ್ಣ ಕಿವಿಗೊಟ್ಟು, "ಏನೇ, ಈ ಸಲ ಪಾಸ್ಕಕ್ಕೆ ಮುಂಚೆ ಗಣೇಶ ಬಂದುಬಿಟ್ಟನಲ್ಲೇ!" ಅಂದ.

ಗುಟ್ಟು ಬಯಲಾಯಿತೆಂದು ಅತ್ತಿಗೆ ಬಟ್ಟೆಗೆ ಕೈ ಹಾಕಿದರು.

"ತೆಗೀಬೇಡ. ಅದಿದ್ರೇನೆ ನಾನು ಮನುಷ್ಯ." ಆಮೇಲೆ ನನ್ನ ಕಡೆ ತಿರುಗಿದ. "ಸತ್ತೋರಿಗೆ ಯಾರಾದ್ರೂ ಅಷ್ಟು ಖುಷಿಯಾಗಿ ಗಂಟೆ ಹೊಡೀತಾರೇನೋ, ಪೆದ್ದ?"

ದೀಪಾವಳಿಗೆ ಮುಂಚೆ ಅಣ್ಣ ಹೋದ. ಒಂದು ತೊಟ್ಟೂ ಮುಟ್ಟದೆ ಹೋದ. ಅತ್ತಿಗೆ ತಾವೇ ಬಟ್ಟೆ ತೆಗೆದು ಅವನ ಎದೆಗೆ ಹೊದಿಸಿದರು. ಚರ್ಚಿನ ಗಂಟೆ ಒಂದೊಂದಾಗಿ ಬೀಳತೊಡಗಿತು. ಪಕ್ಕದ ಮನೆಯ ಸಾಹೇಬರು ಗೋಡೆಯಾಚೆಯಿಂದ ಕೂಗಿದರು: "ಏನ್ ಭಾಯ್, ಗಂಟೆ ಹೊಡೀತಿದೆ, ಇವತ್ತು ನಿಮ್ಮ ಹಬ್ಬಾನಾ?"

"ಹೌದು ಸಾಹೇಬ್ರೆ," ಅಂದೆ. "ನಮ್ಮಣ್ಣನಿಗೆ ಪಾಸ್ಕ ಬಂತು."