ಮಹಾದೇವಿಯ ಪಾಠದಲ್ಲಿ ನನ್ನ ಪ್ರವಚನ

ಮಾತಿನ ಚಟ ಇರುವವನ ಕೈಗೆ ಬೇರೆಯವರ ಪುಸ್ತಕ ಕೊಟ್ಟು ಗಟ್ಟಿಯಾಗಿ ಓದು ಎನ್ನಬಾರದು. ಓದುವುದಕ್ಕೆ ಕಣ್ಣು, ದನಿ ಎರಡಿದ್ದರೆ ಸಾಕು. ನನ್ನಲ್ಲಿ ಮೂರನೆಯದೊಂದು ಇದೆ, ಅಭಿಪ್ರಾಯ. ಜೇವರ್ಗಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದ ಮೇಲೆ ಅದನ್ನು ಕೇಳುವವರೇ ಇರಲಿಲ್ಲ. ಮನೆಯಲ್ಲಿ ಹೆಂಡತಿ ಇದ್ದಾಳೆ. ಇದ್ದಾಳೆ, ಅಷ್ಟೇ.

ಕಲಬುರಗಿಯ ವಿಶ್ವವಿದ್ಯಾಲಯದಲ್ಲಿ ಅಂಗವಿಕಲ ವಿದ್ಯಾರ್ಥಿಗಳಿಗೆ ಒಬ್ಬೊಬ್ಬ ಸಹಾಯಕರನ್ನು ಜೊತೆ ಮಾಡುತ್ತಾರೆಂದು ತಿಳಿದು ಓಡಿದೆ. ನನ್ನ ಪಾಲಿಗೆ ಬಂದವಳು ನಿಂಬರ್ಗಾದ ಮಹಾದೇವಿ. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ, ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡುತ್ತಿದ್ದಳು. ಮೊದಲ ದಿನ ಕೈಹಿಡಿದು ನಡೆಸಲು ಹೋದೆ. "ಬ್ಯಾಡ್ರಿ ಸರ್, ನೀವು ಭಾಳ ಎಳೀತೀರಿ" ಎಂದಳು. ಅವಳ ಫೋನು ಇಂಗ್ಲಿಷ್ ಪುಸ್ತಕವನ್ನು ತಾನೇ ಓದಿ ಹೇಳುತ್ತದೆ. ಕನ್ನಡದ ಹಳೆಯ ಝೆರಾಕ್ಸ್ ಪುಟ ಕಂಡರೆ ಮಾತ್ರ ಸೋಲುತ್ತದೆ. ಆ ಪುಟಗಳನ್ನು ಮನೆಯಲ್ಲಿ ಕೂತು ಓದಿ, ರೆಕಾರ್ಡ್ ಮಾಡಿ ಕಳಿಸುವುದು ನನ್ನ ಕೆಲಸವಾಯಿತು. ಪರೀಕ್ಷೆಯಲ್ಲಿ ಅವಳು ಹೇಳಿದ್ದನ್ನು ಬರೆಯಲು ನಾನು ತಯಾರಿದ್ದೆ. ಬರೆಯುವವರು ಪರೀಕ್ಷೆ ಕೊಡುವವರಿಗಿಂತ ಕಡಿಮೆ ಓದಿರಬೇಕೆಂಬ ನಿಯಮವಂತೆ; ನಾನು ಹೆಚ್ಚು ಓದಿದವನೆಂದು ವಿಶ್ವವಿದ್ಯಾಲಯದವರು ಬೇಡವೆಂದರು, ಪದವಿ ಓದುವ ಹುಡುಗಿಯೊಬ್ಬಳನ್ನು ಕೊಟ್ಟರು. ನನ್ನ ವಿದ್ಯೆಗೆ ಇಷ್ಟು ಹೆದರಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕುಟುಂಬ ವ್ಯವಸ್ಥೆಯ ಪೇಪರು ಮಹಾದೇವಿಗೆ ಬಹಳ ಮುಖ್ಯವಾಗಿತ್ತು. ಅದರಲ್ಲಿ ಅಂಕ ಕಡಿಮೆ ಬಿದ್ದರೆ ಪಿಎಚ್.ಡಿ. ಆಸೆ ಬಿಟ್ಟಂತೆಯೇ. ಆ ಪರೀಕ್ಷೆಯ ಬೆಳಿಗ್ಗೆ ಬಸ್ಸಿನಲ್ಲಿ ಹೊತ್ತು ಹೋಗಲೆಂದು, ಸ್ವಲ್ಪ ನನ್ನ ದನಿಯ ಮೇಲಿನ ಮೋಹದಿಂದಲೂ, ನಾನು ಕಳಿಸಿದ್ದ ಪಾಠವನ್ನು ಹಚ್ಚಿ ಕಿವಿಗಿಟ್ಟುಕೊಂಡೆ. ಕೂಡುಕುಟುಂಬ ಒಡೆಯಲು ಲೇಖಕರು ಕೊಟ್ಟ ಎರಡು ಕಾರಣ ಮುಗಿದವು. ಮೂರನೆಯದು ಅದೇ ದನಿಯಲ್ಲಿ ಬಂತು: ಮನೆಯಲ್ಲಿ ಒಂದೇ ಟಿವಿ ಇರುವುದು. ಅದಕ್ಕೆ ಉದಾಹರಣೆಯಾಗಿ ನನ್ನ ಷಡ್ಡಕನ ಮನೆ, ಅವನ ಜಿಪುಣತನ, ಅವನ ಮದುವೆಯಲ್ಲಿ ಹುಗ್ಗಿ ಕಡಿಮೆ ಬಿದ್ದದ್ದು. ಫೋನನ್ನು ಕಿವಿಯಿಂದ ಕಿತ್ತೆ. ಪುಸ್ತಕ ಎಲ್ಲಿ ಮುಗಿಯಿತು, ನಾನೆಲ್ಲಿ ಶುರುವಾದೆ ಎಂದು ಕೇಳುವವಳಿಗೆ ಹೇಗೆ ಗೊತ್ತಾಗಬೇಕು? ನನ್ನ ಷಡ್ಡಕ ಉತ್ತರಪತ್ರಿಕೆಯಲ್ಲಿ ಕೂತರೆ ಆ ಹುಡುಗಿಯ ಗತಿಯೇನು?

ನಾನು ತಲುಪುವಷ್ಟರಲ್ಲಿ ಪರೀಕ್ಷೆ ಶುರುವಾಗಿತ್ತು. ಬೇವಿನ ಮರದ ಕೆಳಗೆ ಕೂತೆ, ಎದ್ದೆ, ಮತ್ತೆ ಕೂತೆ. ಮಹಾದೇವಿ ಹೊರಗೆ ಬಂದೊಡನೆ ಕೂಡುಕುಟುಂಬದ ಪ್ರಶ್ನೆ ಬಂದಿತ್ತೇ ಎಂದು ಕೇಳಿದೆ. ಬಂದಿತ್ತಂತೆ, ಛಲೋ ಬರೆಸಿದ್ದಳಂತೆ. ಟಿವಿಯ ವಿಷಯ ಏನಾದರೂ ಬರೆಸಿದೆಯಾ ಎಂದೆ.

"ಇಲ್ಲರಿ ಸರ್. ಅದು ಪುಸ್ತಕದ್ದಲ್ಲ, ನಿಮ್ಮದ್ರಿ."

ಹೇಗೆ ಗೊತ್ತಾಯಿತೆಂದು ಕೇಳಿದೆ.

"ಪುಸ್ತಕ ಓದುವಾಗ ನೀವು ಅಲ್ಲಲ್ಲಿ ತಡವರಸ್ತೀರಿ. ನಿಮ್ಮ ಮಾತು ಬಂತಂದ್ರ ಎಲ್ಲೂ ನಿಲ್ಲಂಗಿಲ್ರಿ. ನಿಲ್ಲಲಿಲ್ಲಂದ್ರ ನಾ ರೆಕಾರ್ಡಿಂಗ್ ಮುಂದ ಓಡಸ್ತೇನಿ."

ಅವಳ ದನಿಯಲ್ಲಿ ದೂರಿನ ಸುಳಿವೂ ಇರಲಿಲ್ಲ. ಮಳೆ ಬಂದರೆ ಕೊಡೆ ಬಿಚ್ಚುತ್ತೇನೆ ಎನ್ನುವ ಧಾಟಿ. ಜೀವ ಬಂದಂತಾಯಿತು, ಖುಷಿಯಾಯಿತು. ಆ ಖುಷಿಯ ಕೆಳಗೆ ಒಂದಿಷ್ಟು ಉರಿಯೂ ಇತ್ತು. ಹುಗ್ಗಿಯ ಪ್ರಸಂಗವನ್ನು ನಾನು ಬಹಳ ಚೆನ್ನಾಗಿ ಹೇಳಿದ್ದೆ.

ಮನೆಗೆ ಬಂದವನೇ ಹೆಂಡತಿಯ ಎದುರು ಕೂತು ಎಲ್ಲವನ್ನೂ ಹೇಳತೊಡಗಿದೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದ್ದು, ಕಂಡಕ್ಟರ್ ಗೊಣಗಿದ್ದು, ಅದರ ಬಗ್ಗೆ ನನ್ನ ಅಭಿಪ್ರಾಯ. ಇನ್ನೂ ಬೇವಿನ ಮರದ ಹತ್ತಿರವೂ ಬಂದಿರಲಿಲ್ಲ. ಅವಳು ತೊಗರಿಬೇಳೆಯಿಂದ ತಲೆ ಎತ್ತದೆ ಕೇಳಿದಳು:

"ಕಡೀಕ ಆ ಹುಡುಗಿ ಛಲೋ ಬರೆಸ್ಯಾಳಿಲ್ಲೋ, ಅಷ್ಟ ಹೇಳ್ರಿ."